ಬಿಡುವು ಹುಡುಕುವ ಸಾಫ್ಟ್‌ವೇರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಮೊಬೈಲ್ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟ ಕೆಲಸಗಳನ್ನು ನೋಡಿ, ‘ನಿಮಗೆ ಬಿಡುವಿರುವುದು ಇಂಥ ಹೊತ್ತು’ ಎಂದು ತಿಳಿಸುವ ಸಾಫ್ಟ್‌ವೇರ್ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಬಿಡುವು ಕ್ಯಾಲೆಂಡರ್‌ನಲ್ಲಿ ಎಲ್ಲೂ ಬರೆದಿರುವುದಿಲ್ಲ. ಕೆಲಸದ ಹೊತ್ತನ್ನೆಲ್ಲ ಕಳೆದ ಮೇಲೆ ಉಳಿಯುವುದೇ ಬಿಡುವು. ಹಾಗಾಗಿ ಉತ್ತರ ತಪ್ಪು ಬಂದಾಗ, ಕಳೆಯಬೇಕಾದದ್ದು ಸರಿಯಾಗಿ ಬರೆದಿದೆಯೇ ಎಂದು ಮೊದಲು ನೋಡಬೇಕು. ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವುಗಳ ಗಂಟು ಇರುವುದೇ ಅಲ್ಲಿ.

ಪ್ರಶ್ನೆ: ತಂಗಿಯ ಮಗುವಿನ ನಾಮಕರಣ ಎಂದು ಇಡೀ ದಿನಕ್ಕೆ ಗುರುತು ಹಾಕಿದ್ದೆ. ಆದರೂ ಬಿಡುವು ಹುಡುಕುವ ಆ್ಯಪ್ ಆ ದಿನ ಬೆಳಿಗ್ಗೆಯಿಂದ ಸಂಜೆಯವರೆಗೂ ನಾನು ಖಾಲಿ ಎಂದು ತೋರಿಸಿದೆ. ಗಿರಾಕಿಯೊಬ್ಬರು ಬ್ಲೌಸ್ ಅಳತೆಗೆ ಅದೇ ದಿನ ಸಮಯ ತೆಗೆದುಕೊಂಡುಬಿಟ್ಟರು. ಆ್ಯಪ್ ಕೆಟ್ಟಿದೆಯೆ?
ಟೈಲರಿಂಗ್ ಅಂಗಡಿಯವರು, ತುಮಕೂರು

ಉತ್ತರ: ಆ್ಯಪ್ ಕೆಟ್ಟಿಲ್ಲ ಮೇಡಂ. ಗೂಗಲ್ ಕ್ಯಾಲೆಂಡರ್‌ನಲ್ಲಿ ಬರೆಯುವ ಪ್ರತಿ ಕೆಲಸಕ್ಕೂ ‘ಬ್ಯುಸಿ’ ಅಥವಾ ‘ಫ್ರೀ’ ಎಂಬ ಒಂದು ಗುರುತು ಅಂಟಿಕೊಂಡಿರುತ್ತದೆ. ಇಂತಿಷ್ಟು ಗಂಟೆಗೆ ಎಂದು ಬರೆದರೆ ಅದು ತಾನಾಗಿ ಬ್ಯುಸಿ ಆಗುತ್ತದೆ. ‘ಆಲ್ ಡೇ’ ಎಂದು ಇಡೀ ದಿನಕ್ಕೆ ಬರೆದರೆ ಸಾಮಾನ್ಯವಾಗಿ ಫ್ರೀ ಎಂದೇ ಕೂರುತ್ತದೆ. ಹುಟ್ಟುಹಬ್ಬ, ಸರ್ಕಾರಿ ರಜೆ, ಕರೆಂಟ್ ಬಿಲ್ ಕಟ್ಟುವ ಕೊನೆಯ ದಿನ ಇಂಥವನ್ನೇ ಜನ ಇಡೀ ದಿನಕ್ಕೆ ಬರೆಯುವುದು ಹೆಚ್ಚು. ಅವುಗಳಿಂದ ಯಾರ ಕೆಲಸವೂ ನಿಲ್ಲುವುದಿಲ್ಲವಲ್ಲ, ಅದಕ್ಕೇ ಈ ಏರ್ಪಾಡು. ನಾಮಕರಣ, ಮದುವೆ, ತಿಥಿ ಇವು ಆ ಲೆಕ್ಕಕ್ಕೆ ಸೇರುವುದಿಲ್ಲ ಎನ್ನುವುದು ಅದಕ್ಕೆ ತಿಳಿಯದು.

ಆ ದಿನದ ಬರಹವನ್ನು ತೆರೆದು ಪೆನ್ಸಿಲ್ ಗುರುತು ಒತ್ತಿ, ಕೆಳಗೆ ಸರಿದು ಹೋಗಿ. ‘ಫ್ರೀ’ ಎಂದಿರುವುದನ್ನು ‘ಬ್ಯುಸಿ’ ಮಾಡಿ ಉಳಿಸಿ. ಕಂಪ್ಯೂಟರ್‌ನಲ್ಲಾದರೆ ಬಣ್ಣ ಆರಿಸುವ ಸಾಲಿನ ಕೆಳಗೇ ಈ ಆಯ್ಕೆ ಇದೆ. ಮುಂದಿನ ಎರಡು ತಿಂಗಳ ಇಡೀ ದಿನದ ಬರಹಗಳನ್ನೆಲ್ಲ ಒಂದು ಸಲ ಹೀಗೆ ನೋಡಿಬಿಡಿ, ಹತ್ತು ನಿಮಿಷದ ಕೆಲಸ. ಉಲ್ಟಾ ತಪ್ಪೂ ಆಗುತ್ತದೆ: ‘ಹಾಲಿನವರಿಗೆ ದುಡ್ಡು ಕೊಡಬೇಕು’ ಎಂದು 7ರಿಂದ 8 ಗಂಟೆಗೆ ಬರೆದಿಟ್ಟರೆ ಆ ಇಡೀ ಗಂಟೆ ಬ್ಯುಸಿ ಆಗಿಬಿಡುತ್ತದೆ. ಅಂಥ ನೆನಪಿನ ಚೀಟಿಗಳಿಗೆ ಫ್ರೀ ಗುರುತು ಹಾಕಿ.

ಪ್ರಶ್ನೆ: ಕಾಲೇಜಿನ ಮಿನಿ ಪ್ರಾಜೆಕ್ಟ್‌ಗೆ ಪೈಥಾನ್‌ನಲ್ಲಿ ಇಂಥದ್ದೊಂದು ಟೂಲ್ ಬರೆಯುತ್ತಿದ್ದೇವೆ. ಕ್ಯಾಲೆಂಡರ್‌ನ ಐಸಿಎಸ್ ಫೈಲ್ (ಬರೆದ ಕೆಲಸಗಳನ್ನೆಲ್ಲ ಸಾಲು ಸಾಲಾಗಿ ಇಡುವ ಫೈಲ್) ಓದಿ ಬಿಡುವು ಹೇಳಬೇಕು. ಕೆಲವು ದಿನ ಸರಿ ಬರುತ್ತದೆ, ಕೆಲವು ದಿನ ಕ್ಲಾಸ್ ಇರುವ ಹೊತ್ತನ್ನೇ ಬಿಡುವು ಎನ್ನುತ್ತದೆ. ಎಲ್ಲಿ ಎಡವುತ್ತಿದ್ದೇವೆ?
ಎಂಜಿನಿಯರಿಂಗ್ ವಿದ್ಯಾರ್ಥಿಗಳು, ತುಮಕೂರು

ಉತ್ತರ: ಕೋಡ್ ನೋಡದೆಯೂ ಹೇಳಬಹುದಾದ ಜಾಗಗಳು ನಾಲ್ಕಿವೆ. ಅದಕ್ಕೆ ಮೊದಲು ಒಂದು ದಿನದ ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡೋಣ. ನೋಡಬೇಕಾದ ಹೊತ್ತು ಬೆಳಿಗ್ಗೆ 9ರಿಂದ ಸಂಜೆ 6. ಫೈಲಿನಲ್ಲಿ ಐದು ಕೆಲಸಗಳು ಹಿಂದುಮುಂದಾಗಿ ಬಿದ್ದಿವೆ: 10:00–11:15, 9:30–10:30, 4:00–5:00, 11:15–11:45, 1:00–2:00.

ಮೊದಲು ಶುರುವಾಗುವ ಹೊತ್ತಿನ ಪ್ರಕಾರ ಜೋಡಿಸಿ. ಆಮೇಲೆ ‘ಇಲ್ಲಿಯವರೆಗೆ ನೋಡಿಯಾಯಿತು’ ಎಂಬ ಒಂದು ಗುರುತನ್ನು 9:00ಕ್ಕೆ ಇಡಿ. ಮೊದಲ ಕೆಲಸ 9:30ಕ್ಕೆ ಶುರು. ಅದು ಗುರುತಿಗಿಂತ ಮುಂದಿದೆ, ಆದ್ದರಿಂದ 9:00–9:30 ಬಿಡುವು. ಗುರುತು 10:30ಕ್ಕೆ ಹೋಗುತ್ತದೆ. ಎರಡನೆಯದು 10:00ಕ್ಕೇ ಶುರು, ಅದು ಗುರುತಿಗಿಂತ ಹಿಂದೆ, ಬಿಡುವಿಲ್ಲ. ಗುರುತು 11:15. ಮೂರನೆಯದು ಸರಿಯಾಗಿ 11:15ಕ್ಕೆ ತಾಗಿಕೊಂಡಿದೆ, ಬಿಡುವಿಲ್ಲ. ಗುರುತು 11:45. ಮುಂದಿನದು 1:00ಕ್ಕೆ, ನಡುವೆ 75 ನಿಮಿಷ ಸಿಕ್ಕಿತು. 2ರಿಂದ 4ರವರೆಗೆ ಎರಡು ಗಂಟೆ. ಪಟ್ಟಿ ಮುಗಿದ ಮೇಲೆ ಗುರುತು 5:00ಕ್ಕೆ ನಿಂತಿದೆ, ದಿನ ಮುಗಿಯುವುದು 6ಕ್ಕೆ. ಹಾಗಾಗಿ ಕೊನೆಯ ಒಂದು ಗಂಟೆಯೂ ಬಿಡುವೇ. ಈ ಕೊನೆಯ ತುಂಡನ್ನು ಸೇರಿಸಲು ಮರೆಯುವವರು ಬಹಳ. ಕನಿಷ್ಠ 45 ನಿಮಿಷ ಬೇಕು ಎಂದಿದ್ದರೆ ಬೆಳಿಗ್ಗೆಯ ಅರ್ಧ ಗಂಟೆಯನ್ನು ಬಿಟ್ಟು ಉಳಿದ ಮೂರನ್ನು ತೋರಿಸಬೇಕು.

ಈಗ ಎಡವುವ ಜಾಗಗಳು. ನಿಮ್ಮ ತೊಂದರೆಗೆ ಹೆಚ್ಚಾಗಿ ಕಾರಣವಾಗಿರುವುದು ಇದು: ಗುರುತನ್ನು ಪ್ರತಿ ಸಲ ಆ ಕೆಲಸ ಮುಗಿಯುವ ಹೊತ್ತಿಗೆ ಇಟ್ಟುಬಿಡುವುದು. ಹಾಗೆ ಮಾಡಬಾರದು. ಗುರುತು ಮತ್ತು ಕೆಲಸ ಮುಗಿಯುವ ಹೊತ್ತು, ಇವೆರಡರಲ್ಲಿ ಯಾವುದು ದೊಡ್ಡದೋ ಅದನ್ನು ಇಡಬೇಕು. 10ರಿಂದ 1ರವರೆಗೆ ಲ್ಯಾಬ್, ಅದರೊಳಗೇ 10:30–11:00 ಗೈಡ್ ಭೇಟಿ ಎಂದುಕೊಳ್ಳಿ. ಲ್ಯಾಬ್ ನೋಡಿದಾಗ 1:00ಕ್ಕೆ ಹೋದ ಗುರುತು, ಭೇಟಿ ನೋಡಿದ ಕೂಡಲೇ 11:00ಕ್ಕೆ ಹಿಂದೆ ಬರುತ್ತದೆ. ಲ್ಯಾಬ್‌ನ ಉಳಿದ ಎರಡು ಗಂಟೆ ಬಿಡುವಾಗಿ ಕಾಣುತ್ತದೆ. ಒಂದರೊಳಗೆ ಒಂದು ಕೆಲಸ ಕೂತ ದಿನ ಮಾತ್ರ ಈ ತಪ್ಪು ಹೊರಗೆ ಬೀಳುವುದರಿಂದಲೇ ‘ಕೆಲವು ದಿನ ಸರಿ, ಕೆಲವು ದಿನ ತಪ್ಪು’.

ಎರಡನೆಯದು ಮರುಕಳಿಸುವ ಕ್ಲಾಸ್‌ಗಳು. ಐಸಿಎಸ್ ಫೈಲಿನ ನಿಯಮಗಳು 2009ರ ಆರ್‌ಎಫ್‌ಸಿ 5545 ಎಂಬ ಇಂಟರ್ನೆಟ್ ನಿಯಮ ಪತ್ರದಲ್ಲಿವೆ. ಅದರ ಪ್ರಕಾರ ‘ಪ್ರತಿ ಸೋಮವಾರ 9ಕ್ಕೆ’ ಎಂಬುದು ಫೈಲಿನಲ್ಲಿ ಒಂದೇ ಸಲ ಇರುತ್ತದೆ, ಜೊತೆಗೆ ಆರ್‌ರೂಲ್ ಎಂಬ ಒಂದು ಸಾಲು. ಅದನ್ನು ಬಿಡಿಸಿ ಒಂದೊಂದು ಸೋಮವಾರಕ್ಕೂ ನೀವೇ ಹರಡಬೇಕು. ರದ್ದಾದ ದಿನಗಳು ಎಕ್ಸ್‌ಡೇಟ್ ಸಾಲಿನಲ್ಲಿರುತ್ತವೆ. ಬೇರೆ ಹೊತ್ತಿಗೆ ಸರಿಸಿದ ಕ್ಲಾಸ್ ಪ್ರತ್ಯೇಕ ಬರಹವಾಗಿ ರಿಕರೆನ್ಸ್-ಐಡಿ ಹೊತ್ತು ಬರುತ್ತದೆ. ಅದನ್ನು ಗಮನಿಸದಿದ್ದರೆ ಹಳೆಯ ಹೊತ್ತೂ ಹೊಸ ಹೊತ್ತೂ ಎರಡೂ ತುಂಬಿಕೊಂಡಿರುತ್ತವೆ. ಇದನ್ನೆಲ್ಲ ಕೈಯಾರೆ ಬರೆಯಲು ಹೋಗಬೇಡಿ. ರಿಕರಿಂಗ್-ಐಕ್ಯಾಲ್-ಇವೆಂಟ್ಸ್ ಎಂಬ ಪೈಥಾನ್ ಲೈಬ್ರರಿ ಇದೇ ಕೆಲಸಕ್ಕಿದೆ.

ಮೂರನೆಯದು ಇಡೀ ದಿನದ ಬರಹ. ಅದರಲ್ಲಿ ತಾರೀಖು ಮಾತ್ರ ಇರುತ್ತದೆ, ಗಂಟೆಯೂ ಇಲ್ಲ, ಟೈಮ್ ಝೋನೂ ಇಲ್ಲ. ಅದನ್ನು ಯುಟಿಸಿ (ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯ) ಮಧ್ಯರಾತ್ರಿ ಎಂದು ಓದಿದರೆ ನಮ್ಮ ಲೆಕ್ಕದಲ್ಲಿ ಬೆಳಿಗ್ಗೆ 5:30ರಿಂದ ಮರುದಿನ ಬೆಳಿಗ್ಗೆ 5:30ರವರೆಗೆ ಬೀಗ ಬೀಳುತ್ತದೆ. ಕೊನೆಯ ತಾರೀಖು ಲೆಕ್ಕಕ್ಕಿಲ್ಲ ಎಂಬುದನ್ನೂ ನೆನಪಿಡಿ. 14ರಂದು ಒಂದೇ ದಿನದ ಹಬ್ಬ ಫೈಲಿನಲ್ಲಿ 14ರಿಂದ 15 ಎಂದಿರುತ್ತದೆ. ನಾಲ್ಕನೆಯದು ಟ್ರಾನ್ಸ್‌ಪ್ ಸಾಲು. ಅಲ್ಲಿ ‘ಟ್ರಾನ್ಸ್‌ಪರೆಂಟ್’ ಎಂದಿದ್ದರೆ ಅದು ಫ್ರೀ, ಕಳೆಯಬಾರದು.

ಪ್ರಾಜೆಕ್ಟ್‌ಗೆ ಹೆಚ್ಚು ದಿನ ಉಳಿದಿಲ್ಲವಾದರೆ ಫೈಲ್ ಬಿಟ್ಟು ಗೂಗಲ್ ಕ್ಯಾಲೆಂಡರ್ ಎಪಿಐನ (ಪ್ರೋಗ್ರಾಂಗಳು ಕ್ಯಾಲೆಂಡರ್ ಜೊತೆ ನೇರ ಮಾತಾಡುವ ದಾರಿ) ಫ್ರೀಬ್ಯುಸಿ ಕ್ವೆರಿ ಬಳಸಿ. ಮರುಕಳಿಸುವವನ್ನು ಅದೇ ಹರಡಿ, ಫ್ರೀ ಗುರುತಿನವನ್ನು ಅದೇ ಬಿಟ್ಟು ಕೊಡುತ್ತದೆ. ಆದರೆ ಅದು ಕೊಡುವುದು ಬ್ಯುಸಿ ಹೊತ್ತುಗಳನ್ನು ಮಾತ್ರ, ಅದೂ ಒಂದೊಂದು ಕ್ಯಾಲೆಂಡರ್‌ಗೆ ಬೇರೆ ಬೇರೆಯಾಗಿ. ಒಂದುಗೂಡಿಸಿ ಕಳೆಯುವ ಲೆಕ್ಕ ಆಗಲೂ ನಿಮ್ಮದೇ.

ಪ್ರಶ್ನೆ: ಮನೆಯಿಂದಲೇ ಅಮೆರಿಕದ ಕಂಪನಿಗೆ ಕೆಲಸ ಮಾಡುತ್ತೇನೆ. ಸಂಜೆ 7:30ರ ಮೀಟಿಂಗ್ ಮಾರ್ಚ್‌ನಲ್ಲಿ ಇದ್ದಕ್ಕಿದ್ದಂತೆ 6:30ಕ್ಕೆ ಬಂದು, ಮಗಳನ್ನು ಸಂಗೀತ ಪಾಠಕ್ಕೆ ಬಿಡುವ ಹೊತ್ತಿನ ಮೇಲೆ ಕೂತಿತು. ಯಾರೂ ಸಮಯ ಬದಲಿಸಿಲ್ಲ ಎನ್ನುತ್ತಾರೆ.
ಗೌರಿಬಿದನೂರು

ಉತ್ತರ: ಅವರು ಹೇಳುವುದು ನಿಜ. ಅವರ ಗಡಿಯಾರದಲ್ಲಿ ಮೀಟಿಂಗ್ ಬೆಳಿಗ್ಗೆ 9ಕ್ಕೇ ಇದೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ. ನಮ್ಮಲ್ಲಿ ವರ್ಷವಿಡೀ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ, ಅದು ಅಲ್ಲಾಡುವುದಿಲ್ಲ. ಹಾಗಾಗಿ ನ್ಯೂಯಾರ್ಕಿನ 9 ಗಂಟೆ ಚಳಿಗಾಲದಲ್ಲಿ ನಮಗೆ ಸಂಜೆ 7:30, ಉಳಿದ ತಿಂಗಳಲ್ಲಿ 6:30.

ನೀವು ಮಾಡಬೇಕಾದದ್ದು ಒಂದು ಸಣ್ಣ ಕೆಲಸ. ಹೊಸ ಪಾಠ, ಹೊಸ ಜಿಮ್ ಯಾವುದನ್ನಾದರೂ ಫೆಬ್ರುವರಿಯಲ್ಲಿ ಗೊತ್ತುಮಾಡುವಾಗ, ಆ ವಾರದ ಬಿಡುವನ್ನಷ್ಟೇ ನೋಡಬೇಡಿ. ಏಪ್ರಿಲ್‌ನ ಒಂದು ವಾರವನ್ನೂ ತೆರೆದು ನೋಡಿ. ಎರಡರಲ್ಲೂ ಖಾಲಿ ಇರುವ ಹೊತ್ತೇ ನಿಜವಾದ ಬಿಡುವು. ಮೀಟಿಂಗ್ ಅನ್ನು ನೀವೇ ‘7:30, ಭಾರತ ಸಮಯ’ ಎಂದು ಇನ್ನೊಂದು ಸಲ ಬರೆದಿಟ್ಟುಕೊಂಡಿದ್ದರೆ ಅದನ್ನು ಅಳಿಸಿ. ಇಲ್ಲದಿದ್ದರೆ ಮಾರ್ಚ್ ನಂತರ 6:30ರದ್ದೂ 7:30ರದ್ದೂ ಎರಡೂ ನಿಮ್ಮ ಸಂಜೆಯನ್ನು ತಿನ್ನುತ್ತವೆ.

ಟೂಲ್ ಬರೆಯುವವರಿಗೆ ಇಲ್ಲೇ ಒಂದು ಮಾತು. ಐದೂವರೆ ಗಂಟೆಯನ್ನು ಕೈಯಲ್ಲಿ ಕೂಡಿಸಬೇಡಿ. ಪೈಥಾನ್ 3.9ರಿಂದ ಟೈಮ್ ಝೋನ್ ಲೆಕ್ಕ ಮಾಡುವ ಝೋನ್‌ಇನ್ಫೊ ಜೊತೆಗೇ ಬರುತ್ತದೆ, ‘ಏಷ್ಯಾ/ಕೋಲ್ಕತಾ’ ಎಂಬ ಹೆಸರು ಕೊಟ್ಟರೆ ಸಾಕು. ವಿಂಡೋಸ್‌ನಲ್ಲಿ ಮಾತ್ರ ಟಿಝಡ್‌ಡೇಟಾ ಪ್ಯಾಕೇಜ್ ಬೇರೆ ಹಾಕಿಕೊಳ್ಳಬೇಕು.

ಪ್ರಶ್ನೆ: ಟೊಮೆಟೊ ಮಂಡಿಗಳ ಲೆಕ್ಕ ಬರೆಯುತ್ತೇನೆ. ವಾರಕ್ಕೆರಡು ಸಲ ಬೆಂಗಳೂರಿಗೆ ಹೋಗಬೇಕು. 11ರಿಂದ 12 ಅಲ್ಲಿ ಭೇಟಿ ಎಂದು ಬರೆದರೆ, 12ಕ್ಕೇ ಕೋಲಾರದಲ್ಲಿ ಬಿಡುವಿದ್ದೇನೆ ಎನ್ನುತ್ತದೆ. ಎಲ್ಲ ಭೇಟಿಗೂ ಹಿಂದೆ ಮುಂದೆ ಎರಡು ಗಂಟೆ ಸೇರಿಸುವ ಆಯ್ಕೆ ಇದೆ. ಹಾಕಲೆ?
ಕೋಲಾರ

ಉತ್ತರ: ಹಾಕಬೇಡಿ. ಆ ಆಯ್ಕೆ ಊರೊಳಗಿನ ಭೇಟಿಗೂ ಅಷ್ಟೇ ಗಂಟೆ ಕಳೆಯುತ್ತದೆ. ಎಪಿಎಂಸಿಯಿಂದ ಬಸ್ ಸ್ಟ್ಯಾಂಡ್‌ವರೆಗೆ ಹೋಗಿಬರುವುದಕ್ಕೆ ನಾಲ್ಕು ಗಂಟೆ ಹೋಯಿತು ಎಂದಾದರೆ ವಾರವೆಲ್ಲ ಖಾಲಿಯೇ ಸಿಗುವುದಿಲ್ಲ.

ಪ್ರಯಾಣವನ್ನೇ ಒಂದು ಕೆಲಸವೆಂದು ಬರೆಯಿರಿ: ‘ಕೋಲಾರದಿಂದ ಬೆಂಗಳೂರು, 8:30–11:00’, ‘ವಾಪಸ್, 12:00–2:30’. ಎರಡಕ್ಕೂ ಬ್ಯುಸಿ ಗುರುತು. ಹೆದ್ದಾರಿಯಲ್ಲಿ ಎಷ್ಟು ಹೊತ್ತು ಎಂದು ಲೆಕ್ಕ ಹಾಕಬೇಡಿ, ಕೆ.ಆರ್. ಪುರ ದಾಟಿ ಭೇಟಿಯ ಬಾಗಿಲಿಗೆ ಹೋಗುವಷ್ಟು ಹಾಕಿ. ಒಂದೇ ದಿನ ಬೆಂಗಳೂರಿನಲ್ಲಿ ಎರಡು ಭೇಟಿ ಇದ್ದರೆ ವಾಪಸ್ ಪ್ರಯಾಣವನ್ನು ಎರಡನೆಯದರ ನಂತರಕ್ಕೆ ಎಳೆಯಿರಿ. ನಡುವೆ ಉಳಿಯುವ ಹೊತ್ತು ಖಾಲಿಯೇನೋ ಹೌದು, ಆದರೆ ಅದು ಬೆಂಗಳೂರಿನ ಬಿಡುವು. ಅಲ್ಲಿ ‘ಫೋನ್ ಮಾತ್ರ’ ಎಂದು ಬರೆದು ಬ್ಯುಸಿ ಹಾಕಿ. ಇಲ್ಲದಿದ್ದರೆ ಮಂಡಿಯವರು ಆ ಹೊತ್ತಿಗೆ ನಿಮ್ಮನ್ನು ಮಂಡಿ ಹತ್ತಿರ ಕಾಯುತ್ತಿರುತ್ತಾರೆ. ಹತ್ತು ಹದಿನೈದು ನಿಮಿಷದ ಬಿಡುವನ್ನು ಎಲ್ಲ ಭೇಟಿಗೂ ಸೇರಿಸುವುದಾದರೆ ಆ ಆಯ್ಕೆ ಒಳ್ಳೆಯದೇ, ಅದು ಇರುವುದೇ ಅಷ್ಟಕ್ಕೆ.

ಪ್ರಶ್ನೆ: ಜಮೀನು, ಮನೆ ತೋರಿಸುವ ಕೆಲಸ ನನ್ನದು. ರಾಹುಕಾಲದಲ್ಲಿ, ಅಮಾವಾಸ್ಯೆಯ ದಿನ ಗಿರಾಕಿಗಳು ಬರುವುದೇ ಇಲ್ಲ. ಬಿಡುವು ಹುಡುಕುವಾಗ ಇವು ತಾವಾಗಿ ಬಿಟ್ಟುಹೋಗುವಂತೆ ಮಾಡಬಹುದೆ?
ಕುಣಿಗಲ್

ಉತ್ತರ: ರಾಹುಕಾಲಕ್ಕೆ ಸುಲಭ. ಗೂಗಲ್ ಕ್ಯಾಲೆಂಡರ್‌ನ ಎಡಗಡೆ ‘ಅದರ್ ಕ್ಯಾಲೆಂಡರ್ಸ್’ ಪಕ್ಕದ ಕೂಡುಗುರುತು ಒತ್ತಿ ‘ರಾಹುಕಾಲ’ ಎಂಬ ಹೊಸ ಕ್ಯಾಲೆಂಡರ್ ಮಾಡಿ (ಇದಕ್ಕೆ ಕಂಪ್ಯೂಟರ್ ಬೇಕು). ಅದರಲ್ಲಿ ಪ್ರತಿ ವಾರ ಮರುಕಳಿಸುವ ಏಳು ಬರಹ: ಸೋಮವಾರ 7:30–9:00, ಮಂಗಳವಾರ 3:00–4:30, ಬುಧವಾರ 12:00–1:30, ಗುರುವಾರ 1:30–3:00, ಶುಕ್ರವಾರ 10:30–12:00, ಶನಿವಾರ 9:00–10:30, ಭಾನುವಾರ 4:30–6:00. ನಿಮ್ಮ ಟೂಲ್‌ನ ಸೆಟ್ಟಿಂಗ್‌ನಲ್ಲಿ ಈ ಕ್ಯಾಲೆಂಡರ್‌ಗೂ ಟಿಕ್ ಹಾಕಿ. ಹಲವು ಟೂಲ್‌ಗಳು ಮುಖ್ಯ ಕ್ಯಾಲೆಂಡರ್ ಒಂದನ್ನೇ ಓದುತ್ತವೆ, ಟಿಕ್ ಹಾಕದಿದ್ದರೆ ಬರೆದದ್ದೆಲ್ಲ ವ್ಯರ್ಥ.

ಗೋಡೆ ಕ್ಯಾಲೆಂಡರ್‌ನ ಈ ಗಂಟೆಗಳು ಸೂರ್ಯ 6ಕ್ಕೆ ಹುಟ್ಟಿ 6ಕ್ಕೆ ಮುಳುಗುತ್ತಾನೆ ಎಂದಿಟ್ಟುಕೊಂಡ ಲೆಕ್ಕ. ಪಂಚಾಂಗ ನೋಡಿಯೇ ಹೊರಡುವ ಗಿರಾಕಿಗಳು ಹಗಲನ್ನು ಎಂಟು ಭಾಗ ಮಾಡುತ್ತಾರೆ. ಸೂರ್ಯೋದಯ 6:40, ಸೂರ್ಯಾಸ್ತ ಸಂಜೆ 6:08 ಇರುವ ಚಳಿಗಾಲದ ಒಂದು ಸೋಮವಾರ ತೆಗೆದುಕೊಳ್ಳಿ. ಹಗಲು 688 ನಿಮಿಷ, ಎಂಟರಲ್ಲೊಂದು ಭಾಗ 86 ನಿಮಿಷ. ಸೋಮವಾರಕ್ಕೆ ಎರಡನೇ ಭಾಗ, ಅಂದರೆ 8:06ರಿಂದ 9:32. ನೀವು 9:00ಕ್ಕೆ ಬಿಡುವು ಎಂದು ಕೊಟ್ಟರೆ ಅವರು ಒಪ್ಪುವುದಿಲ್ಲ. ಅಂಥವರೇ ಹೆಚ್ಚಿದ್ದರೆ ಒಂದೊಂದು ಬರಹವನ್ನೂ ಎರಡೂ ಕಡೆ ಮುಕ್ಕಾಲು ಗಂಟೆ ಅಗಲ ಮಾಡಿ.

ಅಮಾವಾಸ್ಯೆಗೆ ಮಾತ್ರ ಮರುಕಳಿಕೆ ಕೆಲಸಕ್ಕೆ ಬರುವುದಿಲ್ಲ. ಈ ಸಾಫ್ಟ್‌ವೇರ್‌ಗಳ ನಿಯಮ ಇಂಗ್ಲಿಷ್ ತಿಂಗಳನ್ನು ಹಿಡಿದು ನಡೆಯುತ್ತದೆ, ಚಂದ್ರನನ್ನಲ್ಲ. ಯುಗಾದಿಗೆ ಹೊಸ ಪಂಚಾಂಗ ಬಂದಾಗ ಅಷ್ಟೂ ಅಮಾವಾಸ್ಯೆಗಳನ್ನು ಕೂತು ಬರೆಯಬೇಕು. ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಬಿಡಿಸಿ ಬರೆದ ಪಟ್ಟಿ) ಮಾಡಿ ಒಂದೇ ಸಲ ಇಂಪೋರ್ಟ್ ಮಾಡುವುದಾದರೆ ಮೊದಲು ಒಂದೇ ಸಾಲು ಹಾಕಿ ನೋಡಿ. ಗೂಗಲ್ ತೋರಿಸುವ ಮಾದರಿಯಲ್ಲಿ ತಿಂಗಳು ಮೊದಲು, ತಾರೀಖು ಆಮೇಲೆ. ನಾವು ಬರೆಯುವ 07/08 ಅಲ್ಲಿ ಜುಲೈ 8 ಆಗಿಬಿಡಬಹುದು. ಇಂಪೋರ್ಟ್ ಅನ್ನು ಯಾವಾಗಲೂ ಹೊಸ ಕ್ಯಾಲೆಂಡರ್‌ಗೇ ಮಾಡಿ. ತಪ್ಪಾದರೆ ಆ ಕ್ಯಾಲೆಂಡರ್ ಅಳಿಸಿದರೆ ಮುಗಿಯಿತು, ಮುಖ್ಯ ಕ್ಯಾಲೆಂಡರ್‌ನಿಂದ ಒಂದೊಂದೇ ಆರಿಸಿ ತೆಗೆಯುವ ಪಾಡು ಇರುವುದಿಲ್ಲ. ಇಡೀ ದಿನದ ಬರಹವಾದ್ದರಿಂದ ಬ್ಯುಸಿ ಗುರುತು ಬಿದ್ದಿದೆಯೇ ಎಂದೂ ನೋಡಿ.

ಪ್ರಶ್ನೆ: ಶಾಲೆಯ ಕೆಲಸದ ಜೊತೆಗೆ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಸೊಪ್ಪು ಹಾಕುವುದು ಬೆಳಿಗ್ಗೆ 6, ಮಧ್ಯಾಹ್ನ 1, ರಾತ್ರಿ 8ಕ್ಕೆ. ಜ್ವರ (ಹುಳು ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತು) ಏಳುವುದು ಒಂದು ದಿನ ತಡವಾದರೆ ಕ್ಯಾಲೆಂಡರ್ ಪೂರ್ತಿ ಹೆಚ್ಚುಕಡಿಮೆ.
ಶಿಡ್ಲಘಟ್ಟ

ಉತ್ತರ: ಚಳಿ, ಬಿಸಿಲಿಗೆ ತಕ್ಕಂತೆ ಹುಳು ಒಂದೆರಡು ದಿನ ಹಿಂದುಮುಂದಾಗುವುದು ಇದ್ದದ್ದೇ. ಆದ್ದರಿಂದ ಬೆಳೆ ಶುರುವಾದಾಗಲೇ ತಿಂಗಳಿಗಾಗುವಷ್ಟು ತಾರೀಖು ಬರೆದು ಕೂರಬೇಡಿ. ನಾಲ್ಕನೇ ಜ್ವರ ಎದ್ದ ದಿನವನ್ನು ಮೊದಲ ದಿನ ಎಂದು ಹಿಡಿಯಿರಿ. ಕೈ ಪೂರ್ತಿ ಕಟ್ಟಿಹಾಕುವುದು ಅಲ್ಲಿಂದ ಮುಂದಿನ ಏಳೆಂಟು ದಿನ, ಹುಳು ಸೊಪ್ಪು ಮುಗಿಸುವುದೂ ಆಗಲೇ. ಮೂರು ಹೊತ್ತಿಗೆ ಮೂರು ಬರಹ ಮಾಡಿ, ದಿನವೂ ಮರುಕಳಿಸುವಂತೆ, ‘8 ಸಲದ ನಂತರ ಮುಗಿಯಲಿ’ ಎಂದು ಕೊಡಿ. ಕೊನೆಯಲ್ಲಿ ಹಣ್ಣಾದ ಹುಳುವನ್ನು ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಬಿಡುವುದಕ್ಕೆ ಎರಡು ಇಡೀ ದಿನ, ಬ್ಯುಸಿ ಗುರುತಿನೊಂದಿಗೆ. ಗೂಡು ಬಿಡಿಸುವ ದಿನ ಅಲ್ಲಿಂದ ಸುಮಾರು ಒಂದು ವಾರಕ್ಕೆ.

ತಡವಾದಾಗ ಮೂರೂ ಹೊತ್ತಿನ ಮೊದಲ ದಿನದ ಬರಹವನ್ನು ಒಂದೊಂದಾಗಿ ಹಿಡಿದು ಮರುದಿನಕ್ಕೆ ಎಳೆಯಿರಿ. ‘ಇದೊಂದೇ’, ‘ಇದು ಮತ್ತು ಮುಂದಿನವು’, ‘ಎಲ್ಲವೂ’ ಎಂದು ಕೇಳುತ್ತದೆ. ಎರಡನೆಯದನ್ನು ಆರಿಸಿದರೆ ಆ ಹೊತ್ತಿನ ಉಳಿದ ದಿನದವೂ ಜೊತೆಗೇ ಸರಿಯುತ್ತವೆ. ಇಡೀ ಹುಳುಮನೆಯ ಬರಹಗಳು ಬೇರೆ ಕ್ಯಾಲೆಂಡರ್‌ನಲ್ಲಿರಲಿ. ಮನೆಯವರೆಲ್ಲರಿಗೂ ಅದನ್ನು ಹಂಚಿಕೊಂಡರೆ, ಈ ಹೊತ್ತಿನ ಸೊಪ್ಪು ಯಾರದು ಎಂದು ಬರಹದ ಹೆಸರಿನಲ್ಲೇ ತಿಳಿಯುತ್ತದೆ.

ಪ್ರಶ್ನೆ: ಬಿಡುವು ನೋಡುವುದಕ್ಕೆಂದು ಕ್ಯಾಲೆಂಡರ್‌ನ ಲಿಂಕನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಆಸ್ಪತ್ರೆಗೆ ಹೋಗುವುದೂ ಎಲ್ಲರಿಗೂ ತಿಳಿದುಹೋಯಿತು. ಬಹಳ ಬೇಸರವಾಗಿದೆ.
ಬಂಗಾರಪೇಟೆ

ಉತ್ತರ: ಈಗಲೇ ಮಾಡಬೇಕಾದದ್ದು: ಕಂಪ್ಯೂಟರ್‌ನಲ್ಲಿ ಗೂಗಲ್ ಕ್ಯಾಲೆಂಡರ್ ತೆರೆದು, ಎಡಗಡೆ ನಿಮ್ಮ ಕ್ಯಾಲೆಂಡರ್ ಹೆಸರಿನ ಪಕ್ಕದ ಮೂರು ಚುಕ್ಕಿ ಒತ್ತಿ ‘ಸೆಟ್ಟಿಂಗ್ಸ್ ಆ್ಯಂಡ್ ಶೇರಿಂಗ್’ಗೆ ಹೋಗಿ. ಕೆಳಗೆ ‘ಸೀಕ್ರೆಟ್ ಅಡ್ರೆಸ್ ಇನ್ ಐಕ್ಯಾಲ್ ಫಾರ್ಮ್ಯಾಟ್’ ಇದೆ. ನೀವು ಹಾಕಿದ್ದು ಇದೇ ಆಗಿದ್ದರೆ, ಅದರ ಪಕ್ಕದ ‘ರೀಸೆಟ್’ ಒತ್ತಿ. ಹಳೆಯ ಲಿಂಕ್ ಆ ಕ್ಷಣದಿಂದ ಸತ್ತಂತೆ. ಆ ವಿಳಾಸ ಕೈಗೆ ಸಿಕ್ಕ ಯಾರೇ ಆಗಲಿ ಪಾಸ್‌ವರ್ಡ್ ಇಲ್ಲದೆ ಎಲ್ಲವನ್ನೂ ಓದಬಹುದು. ಅದೇ ಪುಟದಲ್ಲಿ ‘ಮೇಕ್ ಅವೈಲಬಲ್ ಟು ಪಬ್ಲಿಕ್’ಗೆ ಟಿಕ್ ಬಿದ್ದಿದ್ದರೆ ತೆಗೆಯಿರಿ.

ಬಿಡುವನ್ನಷ್ಟೇ ತೋರಿಸಬೇಕಾದರೆ ಒಬ್ಬೊಬ್ಬರ ಇಮೇಲ್ ಸೇರಿಸಿ ‘ಸೀ ಓನ್ಲಿ ಫ್ರೀ/ಬ್ಯುಸಿ’ ಎಂಬ ಅನುಮತಿ ಕೊಡಿ. ಅವರಿಗೆ ಗಂಟೆಗಳ ಪಟ್ಟಿ ಕಾಣುತ್ತದೆ, ಏನು ಕೆಲಸ ಎಂದು ಕಾಣುವುದಿಲ್ಲ. ಹೊರಗಿನ ಆ್ಯಪ್‌ಗಳಿಗೂ ಇದೇ ಮಾತು. ಬಿಡುವು ಹುಡುಕುವುದಕ್ಕೆ ಬ್ಯುಸಿ ಹೊತ್ತು ತಿಳಿದರೆ ಸಾಕು. ‘ಎಲ್ಲ ಕ್ಯಾಲೆಂಡರ್ ನೋಡಲು, ತಿದ್ದಲು, ಅಳಿಸಲು’ ಅನುಮತಿ ಕೇಳುವ ಆ್ಯಪ್‌ಗೆ ಒಪ್ಪಬೇಡಿ.

ಪ್ರಶ್ನೆ: ಒಂದು ಟೂಲ್ ಸರಿಯಾಗಿ ಲೆಕ್ಕ ಹಾಕುತ್ತದೆಯೇ ಎಂದು ನಂಬುವ ಮೊದಲು ಪರೀಕ್ಷಿಸುವುದು ಹೇಗೆ?
ಕಂಪ್ಯೂಟರ್ ತರಬೇತಿ ಕೇಂದ್ರ, ಚಿಂತಾಮಣಿ

ಉತ್ತರ: ಬೇರೆ ಕೆಲಸವಿಲ್ಲದ ಹೊಸ ಕ್ಯಾಲೆಂಡರ್ ಮಾಡಿ, ಒಂದೇ ದಿನಕ್ಕೆ ಈ ಆರು ಬರಹ ಹಾಕಿ: 8:00–9:15, 10:00–1:00, 10:30–11:00, 1:00–1:30, 3:00–3:30, 5:30–7:00. ಇವುಗಳಲ್ಲಿ 3:00–3:30ಕ್ಕೆ ಮಾತ್ರ ಫ್ರೀ ಗುರುತು. 9ರಿಂದ 6ರೊಳಗೆ ಬಿಡುವು ಹುಡುಕಲು ಹೇಳಿ. ಸರಿಯುತ್ತರ ಎರಡೇ: 9:15–10:00 ಮತ್ತು 1:30–5:30.

ಬಿಡುವು 9:00ರಿಂದಲೇ ಶುರುವಾದರೆ, ದಿನ ಶುರುವಾಗುವ ಮೊದಲೇ ಆರಂಭವಾದ ಕೆಲಸವನ್ನು ಅದು ಓದಿಲ್ಲ. 11:00–1:00 ಖಾಲಿ ಎಂದರೆ, ತುಮಕೂರಿನ ವಿದ್ಯಾರ್ಥಿಗಳಿಗೆ ಮೇಲೆ ಹೇಳಿದ ‘ಒಂದರೊಳಗೆ ಒಂದು’ ತಪ್ಪು. 1:00ರಿಂದ 1:00 ಎಂಬ ಸೊನ್ನೆ ನಿಮಿಷದ ಬಿಡುವು ಕಂಡರೆ, ತಾಗಿಕೊಂಡ ಕೆಲಸಗಳನ್ನು ಬೆಸೆಯಲು ಬಂದಿಲ್ಲ. ಮಧ್ಯಾಹ್ನದ ನಾಲ್ಕು ಗಂಟೆ ಎರಡು ತುಂಡಾಗಿದ್ದರೆ ಫ್ರೀ ಗುರುತನ್ನು ನೋಡುತ್ತಿಲ್ಲ. ಎಲ್ಲವೂ ಐದೂವರೆ ಗಂಟೆ ಆಚೀಚೆ ಹೋಗಿದ್ದರೆ ಟೈಮ್ ಝೋನ್. ಇಷ್ಟೂ ಪಾಸಾದರೆ 10:00–1:00ರ ಬರಹವನ್ನು ‘ಪ್ರತಿ ವಾರ’ ಮಾಡಿ, ಮುಂದಿನ ವಾರದ್ದೊಂದನ್ನು ಮಾತ್ರ 2:00ಕ್ಕೆ ಸರಿಸಿ, ಆ ದಿನದ ಬಿಡುವು ಕೇಳಿ. ಅಲ್ಲಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ಒಂದು, ಸಂಜೆ 5ರಿಂದ 6ರವರೆಗೆ ಇನ್ನೊಂದು ಬಿಡುವು ಬರಬೇಕು.